ಓಝೋನ್ ತೂತು, ಆಶ್ಲೇಷಾ ಮಳೆ: ಮೂಡಿಗೆರೆಯ ಒಂದು ಮಳೆ ಪುಸ್ತಕದ ಪ್ರಕರಣ

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೊಬ್ಬರು 1976ರಿಂದ ಮಳೆ ಬರೆದಿಡುತ್ತ ಬಂದಿದ್ದಾರೆ. ಉದ್ದನೆಯ ಲೆಕ್ಕದ ಪುಸ್ತಕಗಳು, ಒಟ್ಟು ಏಳು. ಎಡಗಡೆ ತಾರೀಖು, ಪಕ್ಕದಲ್ಲಿ ಇಂಚು ಮತ್ತು ಸೆಂಟ್ಸ್ (ಇಂಚಿನ ನೂರರಲ್ಲೊಂದು ಪಾಲು), ಆಮೇಲೆ ಮಳೆ ನಕ್ಷತ್ರ, ಕೊನೆಗೆ ಷರಾ. ಷರಾದಲ್ಲಿ ಏನು ಬೇಕಾದರೂ ಇರುತ್ತದೆ. 'ಗಾಳಿ ಜೋರು, ಸಿಲ್ವರ್ ಎರಡು ಮುರಿದವು.' 'ಹೂಮಳೆ ಸಾಲದು.' 'ಕರೆಂಟ್ ಹೋಗಿ ನಾಲ್ಕನೇ ದಿನ.' ಮಿಲಿಮೀಟರ್ ಅಂದರೆ ಅವರಿಗೆ ಆಗದು. ಅದು ಸರ್ಕಾರದವರ ಮಳೆ ಅಂತಾರೆ.

ಅವರ ಮೊಮ್ಮಗ ಚಿಕ್ಕಮಗಳೂರಿನಲ್ಲಿ ನನ್ನ ಹತ್ತಿರ ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದ. ಪ್ರಾಜೆಕ್ಟಿಗೆ ವಿಷಯ ಏನಪ್ಪಾ ಎಂದು ಕೇಳಿದ್ದಕ್ಕೆ ಅಜ್ಜನ ಮಾತನ್ನೇ ತಂದು ಮೇಜಿನ ಮೇಲಿಟ್ಟ. ಓಝೋನ್ ತೂತಾದ ಮೇಲೆ ಗಾಳಿ ಕೆಟ್ಟಿತು, ಗಾಳಿ ಕೆಟ್ಟು ಮಳೆ ಕೆಟ್ಟಿತು. ಸಾಕ್ಷಿಗೆ 2019ರ ಆಗಸ್ಟ್ ಇದೆಯಲ್ಲ. ಆ ಆಶ್ಲೇಷಾ ಮಳೆಯಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಬಂದದ್ದು, ಚಾರ್ಮಾಡಿ ರಸ್ತೆ ಮುಚ್ಚಿದ್ದು ಈ ಭಾಗದಲ್ಲಿ ಯಾರಿಗೂ ಮರೆತಿಲ್ಲ.

ಬೇರೆ ಮೇಷ್ಟ್ರಾಗಿದ್ದರೆ ನಕ್ಕು ಕಳಿಸುತ್ತಿದ್ದರೋ ಏನೋ. ನನಗೆ ನಗಲು ಆಗಲಿಲ್ಲ, ಯಾಕೆಂದರೆ ಅಜ್ಜನ ಮಾತಿನ ಮೊದಲರ್ಧ ನಿಜ. ಓಝೋನ್ ಕಡಿಮೆಯಾದದ್ದಕ್ಕೆ ಗಾಳಿಯ ದಾರಿ ಬದಲಾಗಿದೆ. ಎಲ್ಲಿ, ಯಾವ ತಿಂಗಳಲ್ಲಿ ಅನ್ನುವುದರಲ್ಲಿ ಮಾತ್ರ ಅಜ್ಜ ಜಾರಿದ್ದರು. ಆ ಜಾರಿಕೆಯನ್ನು ಅಳೆಯುವುದೇ ಪ್ರಾಜೆಕ್ಟ್ ಆಗಲಿ ಎಂದೆ.

ಒಂದು ಭಾನುವಾರ ತೋಟಕ್ಕೆ ಹೋದೆವು. ಕಾಫಿ ಕೊಯ್ಲಿನ ಕಾಲ, ಕಣದ ತುಂಬ ಚೆರ್ರಿ ಹರಡಿತ್ತು. ಗೌಡರು ಜಗಲಿಯಲ್ಲಿ ಏಳೂ ಪುಸ್ತಕ ಜೋಡಿಸಿಟ್ಟುಕೊಂಡೇ ಕೂತಿದ್ದರು.

"ಮೇಷ್ಟ್ರೇ, ನೀವು ಓದಿದೋರು, ನಾನು ನೋಡಿದೋನು. ಓಝೋನ್ ತೂತು ಅಂತ ಪೇಪರ್‌ನಲ್ಲಿ ಬಂದದ್ದು ಎಂಬತ್ತೈದು, ಎಂಬತ್ತಾರರಲ್ಲಿ. ಅಲ್ಲಿಂದೀಚೆಗೆ ಮೃಗಶಿರ ಮಳೆ ಮೃಗಶಿರದಲ್ಲಿ ಬಂದದ್ದು ಎಷ್ಟು ಸಲ, ನೀವೇ ಎಣಿಸಿ."

"ಎಣಿಸೋಣ ಗೌಡ್ರೇ. ಆದ್ರೆ ತೂತು ಇರೋದು ಅಂಟಾರ್ಕ್ಟಿಕಾದ ಮೇಲೆ."

"ಅಲ್ಲಿದ್ರೇನಂತೆ? ಮುಂಗಾರು ಗಾಳಿ ಬರೋದೂ ಆ ಕಡೆಯಿಂದ್ಲೇ ಅಲ್ವಾ?"

ಇಡೀ ಪ್ರಕರಣದಲ್ಲಿ ಕೇಳಿದ ಅತ್ಯುತ್ತಮ ಪ್ರಶ್ನೆ ಇದು. ವೈವಾದಲ್ಲಿ ಕೂಡ ಯಾರೂ ಇಷ್ಟು ಚೆನ್ನಾಗಿ ಕೇಳಲಿಲ್ಲ. ಉತ್ತರ ಹುಡುಕಲು ನಾಲ್ಕು ತಿಂಗಳು ಹಿಡಿಯಿತು.

ಮೊದಲು ತೂತಿನ ವಿಚಾರ. ನಮ್ಮ ಪಠ್ಯಗಳಲ್ಲಿ ಓಝೋನ್ ಎಂದರೆ ಕೊಡೆ: ಅತಿನೇರಳೆ ಕಿರಣ ತಡೆಯುತ್ತದೆ, ಅಲ್ಲಿಗೆ ಪಾಠ ಮುಗಿಯಿತು. ತಡೆದ ಶಕ್ತಿ ಎಲ್ಲಿ ಹೋಯಿತು ಎಂದು ಮಕ್ಕಳು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಅದು ಅಲ್ಲಿಯ ಗಾಳಿಯನ್ನು ಕಾಯಿಸುತ್ತದೆ. ಅಂದರೆ ಕೊಡೆ ಅಂದುಕೊಂಡದ್ದು ಒಲೆಯೂ ಹೌದು. ತಲೆಯ ಮೇಲಿನ ಓಝೋನನ್ನೆಲ್ಲ ನೆಲಮಟ್ಟದ ಒತ್ತಡಕ್ಕೆ ಇಳಿಸಿ ಒಂದೇ ಪದರ ಮಾಡಿದರೆ ಮೂರು ಮಿಲಿಮೀಟರ್ ಆಸುಪಾಸು, ಹೆಚ್ಚುಕಮ್ಮಿ ಒಂದು ಕಾಫಿ ಬೀಜದ ದಪ್ಪ. ಇದನ್ನೇ 300 ಡಾಬ್ಸನ್ ಯೂನಿಟ್ ಅನ್ನುವುದು. ಅಂಟಾರ್ಕ್ಟಿಕಾದ ಹ್ಯಾಲಿ ಬೇ ಕೇಂದ್ರದಲ್ಲಿ ಅಕ್ಟೋಬರ್ ತಿಂಗಳ ಸರಾಸರಿ 300ರ ಹತ್ತಿರ ಇದ್ದದ್ದು 200ಕ್ಕಿಂತ ಕೆಳಗೆ ಬಿದ್ದಿದೆ ಎಂದು ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ ಎಂಬ ಮೂವರು 1985ರಲ್ಲಿ ಪ್ರಕಟಿಸಿದರು. ಓಝೋನ್ ಹೀಗೆ ತೆಳುವಾದದ್ದಕ್ಕೇ ತೂತು ಅನ್ನುವುದು. ಗೌಡರು ಪೇಪರಿನಲ್ಲಿ ನೋಡಿದ್ದು ಈ ಸುದ್ದಿಯನ್ನೇ.

ಅಲ್ಲೇ ಯಾಕೆ? ದಕ್ಷಿಣ ಧ್ರುವದ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಕತ್ತಲು. ಮೇಲಿನ ಗಾಳಿ ಧ್ರುವದ ಸುತ್ತ ಗಾಣದ ಹಾಗೆ ತಿರುಗುತ್ತ, ಹೊರಗಿನ ಬೆಚ್ಚನೆಯ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಒಳಗೆ ಉಷ್ಣಾಂಶ ಮೈನಸ್ 78 ಡಿಗ್ರಿಗಿಂತ ಕೆಳಗಿಳಿದಾಗ ಅಷ್ಟು ಎತ್ತರದಲ್ಲೂ ಮೋಡ ಕಟ್ಟುತ್ತದೆ. ಫ್ರಿಜ್ಜು, ಸ್ಪ್ರೇ ಡಬ್ಬಿಗಳಿಂದ ಹೋದ ಕ್ಲೋರೀನು ಆ ಮೋಡದ ಕಣಗಳ ಮೇಲೆ ಚುರುಕಾಗುತ್ತದೆ ಎಂದು 1986ರಲ್ಲಿ ತೋರಿಸಿಕೊಟ್ಟವರಲ್ಲಿ ಸೂಸನ್ ಸಾಲೊಮನ್ ಮುಖ್ಯರು. ಸೆಪ್ಟೆಂಬರಿನಲ್ಲಿ ಬಿಸಿಲು ಮರಳಿದ ಕೂಡಲೇ ಓಝೋನ್ ಸುಡುತ್ತ ಹೋಗುತ್ತದೆ. ಉತ್ತರ ಧ್ರುವದಲ್ಲಿ ಹಿಮಾಲಯ, ರಾಕಿಯಂಥ ಬೆಟ್ಟಗಳು, ನೆಲ–ಕಡಲುಗಳ ಏರುಪೇರು ಆ ಗಾಣವನ್ನು ಆಗಾಗ ಕಲಕುವುದರಿಂದ ಅಲ್ಲಿ ಇಷ್ಟು ದೊಡ್ಡ ಹಾನಿ ಅಪರೂಪ. ನಮ್ಮಂಥ ಉಷ್ಣವಲಯದ ಮೇಲಂತೂ ತೂತೇ ಇಲ್ಲ. ಕೊಡೈಕೆನಾಲಿನಲ್ಲಿ 1957ರಿಂದ ಓಝೋನ್ ಅಳೆಯುತ್ತಿದ್ದಾರೆ. ದಕ್ಷಿಣ ಭಾರತದ ಮೇಲೆ ವರ್ಷವಿಡೀ 250ರಿಂದ 290ರ ನಡುವೆ ಆಡುತ್ತಿರುತ್ತದೆ, ಅಷ್ಟೆ.

ಇನ್ನು ಗಾಳಿ. ಗೌಡರಿಗೆ ಕಣವನ್ನೇ ತೋರಿಸಿದೆ. ಮಧ್ಯಾಹ್ನ ಕಾದ ಕಣಕ್ಕೂ ನೆರಳಿನ ತೋಟಕ್ಕೂ ನಡುವೆ ಸಣ್ಣ ಗಾಳಿ ಏಳುತ್ತದಲ್ಲ, ಬಿಸಿ–ತಂಪಿನ ವ್ಯತ್ಯಾಸ ಇದ್ದಲ್ಲಿ ಗಾಳಿ ಇದ್ದೇ ಇರುತ್ತದೆ. ಕಣದಷ್ಟು ಜಾಗದಲ್ಲಿ ಅದು ತಂಪಿನಿಂದ ಬಿಸಿಯ ಕಡೆಗೆ ನೇರ ಬೀಸುತ್ತದೆ. ಸಾವಿರಾರು ಕಿಲೋಮೀಟರ್ ಹರವಿನಲ್ಲಿ ಭೂಮಿಯ ತಿರುಗಾಟ ಅದನ್ನು ಪಕ್ಕಕ್ಕೆ ತಿರುಗಿಸಿ, ಪಶ್ಚಿಮದಿಂದ ಪೂರ್ವಕ್ಕೆ ಧ್ರುವವನ್ನು ಸುತ್ತುವಂತೆ ಮಾಡುತ್ತದೆ. ಧ್ರುವ ಹೆಚ್ಚು ತಣ್ಣಗಾದಷ್ಟೂ ಮೇಲಿನ ಸುತ್ತು ಜೋರು. ಈಗ ಒಲೆ ಆರಿಸಿ ನೋಡಿ. ಅಕ್ಟೋಬರ್–ನವೆಂಬರಿನಲ್ಲಿ ಬಿಸಿಲು ಬಂದರೂ ಕಾಯಿಸಲು ಓಝೋನ್ ಇಲ್ಲ, ಅಂಟಾರ್ಕ್ಟಿಕಾದ ಮೇಲೆ ಓಝೋನ್ ಇರುವ ಎತ್ತರದ ಪದರದ (ಸ್ಟ್ರಾಟೋಸ್ಫಿಯರ್) ಕೆಳಭಾಗ ಮೊದಲಿಗಿಂತ 6ರಿಂದ 10 ಡಿಗ್ರಿ ತಣ್ಣಗೆ ಉಳಿಯಿತು. ಸುತ್ತುವ ಗಾಳಿಗೆ ಬಲ ಬಂತು, ವಸಂತದಲ್ಲಿ ಒಡೆದು ಚೆದುರಬೇಕಾದ ಗಾಣ ಇನ್ನೆರಡು ವಾರ ಹೆಚ್ಚಿಗೆ ತಿರುಗಿತು.

ಇಷ್ಟೇ ಆಗಿದ್ದರೆ ವಿಮಾನ ಹಾರುವ ಎತ್ತರಕ್ಕಿಂತ ಮೇಲಿನ ಸಮಾಚಾರ, ನಮಗೇನು ಎನ್ನಬಹುದಿತ್ತು. ಸೋಜಿಗ ಇರುವುದು ಮುಂದೆ. ಒಂದೆರಡು ತಿಂಗಳಲ್ಲಿ ಈ ಬದಲಾವಣೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು ಡಿಸೆಂಬರ್–ಜನವರಿಯ ಹೊತ್ತಿಗೆ ಕಡಲ ಮೇಲಿನ ಗಾಳಿಯನ್ನು ಮುಟ್ಟುತ್ತದೆ. ದಕ್ಷಿಣ ಗೋಳದ ಪಶ್ಚಿಮ ಗಾಳಿಯ ಪಟ್ಟಿ ಒಂದೆರಡು ಅಕ್ಷಾಂಶ ಡಿಗ್ರಿಯಷ್ಟು ಧ್ರುವದ ಕಡೆ ಸರಿಯುತ್ತದೆ. ಒಂದು ಡಿಗ್ರಿ ಎಂದರೆ 111 ಕಿಲೋಮೀಟರ್, ಮೂಡಿಗೆರೆಯಿಂದ ಹಾಸನ ದಾಟಿ ಇನ್ನೂ ಮುಂದೆ. ಮೇಲಿನ ಗಾಳಿಯಲ್ಲಿ ಏಳುವ ಅಲೆಗಳು ಒಡೆಯುವ ಜಾಗ ಬದಲಾಗಿ, ಅವು ಹೊತ್ತೊಯ್ಯುವ ವೇಗ ಬೇರೆ ಕಡೆ ಬೀಳುತ್ತದೆ ಎನ್ನುವುದು ಮುಖ್ಯ ವಿವರಣೆ. ಇಳಿಯುವ ದಾರಿಯ ಒಳವಿವರಗಳಲ್ಲಿ ವಿಜ್ಞಾನಿಗಳ ನಡುವೆಯೇ ಇನ್ನೂ ವಾದ ಇದೆ. ಥಾಂಪ್ಸನ್ ಮತ್ತು ಸಾಲೊಮನ್ ಇದನ್ನು ಅಳತೆಗಳಲ್ಲಿ ಗುರುತಿಸಿದ್ದು 2002ರಲ್ಲಿ. ಗಿಲೆಟ್ ಮತ್ತು ಥಾಂಪ್ಸನ್ ಮರುವರ್ಷ ಮಾಡೆಲಿನಲ್ಲಿ ಓಝೋನ್ ಒಂದನ್ನೇ ಕಡಿಮೆ ಮಾಡಿ, ಅದೇ ಋತುವಿನಲ್ಲಿ ಅದೇ ಬದಲಾವಣೆ ಮೂಡಿಸಿ ತೋರಿಸಿದರು.

ಮಾಡೆಲ್ ಬೇಕಾಗುವುದು ಇಲ್ಲೇ. ಅಳತೆಯಲ್ಲಿ ಎಲ್ಲ ಕಲಸಿಹೋಗಿರುತ್ತದೆ: ಇಂಗಾಲದ ಡೈಆಕ್ಸೈಡ್ ಏರಿದೆ, ಪೆಸಿಫಿಕ್ ಕಡಲು ಬಿಸಿಯೇರುವ ಎಲ್ ನಿನೋ ಬಂದುಹೋಗಿದೆ, ಜ್ವಾಲಾಮುಖಿ ಸಿಡಿದಿದೆ, ಓಝೋನೂ ಇಳಿದಿದೆ. ಇನ್ನೊಂದು ಭೂಮಿ ತಂದು ಓಝೋನ್ ಒಂದನ್ನೇ ಇಳಿಸಿ ನೋಡಲು ಆಗುವುದಿಲ್ಲ. ಕಂಪ್ಯೂಟರಿನಲ್ಲಿ ಆಗುತ್ತದೆ. ಭೂಮಿಯನ್ನು ಸುಮಾರು ನೂರು ಕಿಲೋಮೀಟರ್ ಅಗಲದ ಚೌಕಗಳಾಗಿ, ಒಂದರ ಮೇಲೊಂದು ಹತ್ತಾರು ಪದರಗಳಾಗಿ ಕತ್ತರಿಸಿ, ಪ್ರತಿ ಪೆಟ್ಟಿಗೆಯಲ್ಲೂ ಗಾಳಿ, ಬಿಸಿ, ತೇವದ ಲೆಕ್ಕ ಬಿಡಿಸುತ್ತ ಹೋಗುವುದು. ಓಝೋನ್ ಮಾತ್ರ ಬದಲಾಗಿ ಮಿಕ್ಕದ್ದೆಲ್ಲ 1850ರ ಮಟ್ಟದಲ್ಲೇ ನಿಂತಿರುವ ಮಾಡೆಲ್ ಓಟಗಳನ್ನು (ರನ್) ಕೆಲವು ದೇಶಗಳ ಸಂಸ್ಥೆಗಳು ಮಾಡಿ ಎಲ್ಲರಿಗೂ ಪುಕ್ಕಟೆ ಇಟ್ಟಿವೆ. ಹುಡುಗ ಇಳಿಸಿಕೊಂಡದ್ದು ಅವನ್ನೇ.

ಇಳಿಸಿಕೊಂಡು ಮೊದಲ ಸಲ ಬಿಡಿಸಿದ ನಕ್ಷೆ ನೋಡಿ ನನಗೆ ನಗು ತಡೆಯಲಾಗಲಿಲ್ಲ. ಒತ್ತಡದ ಅಕ್ಷ ತಲೆಕೆಳಗಾಗಿತ್ತು: ನೆಲಮಟ್ಟದ ಒತ್ತಡವಾದ 1000 ಹೆಕ್ಟೊಪಾಸ್ಕಲ್ ಮೇಲೆ, ಬಲು ಎತ್ತರದ 10 ಕೆಳಗೆ. ಧ್ರುವದ ಗಾಣ ನೆಲದ ಮೇಲೇ ತಿರುಗುತ್ತಿತ್ತು, ಪೆಂಗ್ವಿನ್‌ಗಳ ಗತಿ ದೇವರೇ ಬಲ್ಲ. ಅದನ್ನು ತಿರುಗಿಸಿದ ಮೇಲೆ ಇನ್ನೊಂದು ನಿರಾಸೆ, ವ್ಯತ್ಯಾಸ ಕಾಣುವುದೇ ಇಲ್ಲ. ನೋಡಿದರೆ ಅವನು ಹನ್ನೆರಡೂ ತಿಂಗಳು ಕೂಡಿಸಿ ಸರಾಸರಿ ತೆಗೆದಿದ್ದ. ಕಾಫಿ ಬೆಲೆಯನ್ನು ವರ್ಷದ ಸರಾಸರಿಯಲ್ಲಿ ನೋಡಿದರೆ ಕೊಯ್ಲಿನ ಸಮಯದ ಏರಿಳಿತ ಕಾಣುವುದೇ? ದಕ್ಷಿಣ ಗೋಳದ ಬೇಸಿಗೆಯಾದ ಡಿಸೆಂಬರ್, ಜನವರಿ, ಫೆಬ್ರವರಿ ಮಾತ್ರ ತೆಗೆ ಎಂದೆ. ತೆಗೆದ, ಆದರೆ 1990ರ ಜನವರಿ–ಫೆಬ್ರವರಿಗೆ 1990ರದ್ದೇ ಡಿಸೆಂಬರ್ ಸೇರಿಸಿದ. ಅದು ಮುಂದಿನ ಬೇಸಿಗೆಯದು. 1989ರ ಡಿಸೆಂಬರ್ ಬೇಕಿತ್ತು. ಸಣ್ಣ ತಪ್ಪು ಅನ್ನಿಸಬಹುದು. ಹಿಂದಿನ ಅಕ್ಟೋಬರಿನ ತೂತಿಗೂ ಅದರ ಬೆನ್ನಿಗೇ ಬರುವ ಬೇಸಿಗೆಯ ಗಾಳಿಗೂ ಗಂಟು ಹಾಕುವ ಕೆಲಸದಲ್ಲಿ ಇದು ಗಂಟನ್ನೇ ಬಿಚ್ಚಿಬಿಡುವ ತಪ್ಪು.

ಸರಿಪಡಿಸಿದ ಮೇಲೆ ವಿಜ್ಞಾನಿಗಳು ತೋರಿಸಿದ್ದ ಚಿತ್ರವೇ ಅವನ ಪರದೆಯ ಮೇಲೆ ಬಂತು. ದಕ್ಷಿಣದ 60 ಡಿಗ್ರಿ ಸುತ್ತ ಪಶ್ಚಿಮ ಗಾಳಿ ಬಲಿತಿದೆ, 40 ಡಿಗ್ರಿ ಸುತ್ತ ಸಡಿಲಾಗಿದೆ. ಹುಡುಗ ಖುಷಿಯಲ್ಲಿ ಅದೇ ಮಾಡೆಲಿನ ಎರಡನೇ ಓಟವನ್ನೂ ಬಿಡಿಸಿದ. ಆಕಾರ ಬೇರೆ! ಫೈಲ್ ಕೆಟ್ಟಿದೆ ಸರ್, ಮತ್ತೆ ಇಳಿಸಿಕೊಳ್ತೀನಿ ಅಂದ.

ಫೈಲ್ ಕೆಟ್ಟಿರಲಿಲ್ಲ. ಅದೇ ಮಾಡೆಲನ್ನು ಆರಂಭದ ಸ್ಥಿತಿಯಲ್ಲಿ ಕೂದಲೆಳೆ ವ್ಯತ್ಯಾಸ ಮಾಡಿ ಮತ್ತೆ ಮತ್ತೆ ಓಡಿಸುತ್ತಾರೆ. ಹವೆಗೆ ತನ್ನದೇ ಹುಚ್ಚಾಟ ಇರುವುದರಿಂದ ಪ್ರತಿ ಓಟವೂ ಬೇರೆ ಬೇರೆ ವರ್ಷ ಬೇರೆ ಬೇರೆ ಕಡೆ ಓಲಾಡುತ್ತದೆ. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದಾಗ ಓಲಾಟಗಳು ಒಂದನ್ನೊಂದು ಅಳಿಸಿಕೊಂಡು, ಎಲ್ಲದರಲ್ಲೂ ಸಮನಾಗಿರುವ ಓಝೋನಿನ ಗುರುತು ಉಳಿಯುತ್ತದೆ. ಇದನ್ನು ನಾನು ಬೋರ್ಡಿನ ಮೇಲೆ ಅರ್ಧ ಗಂಟೆ ಹೇಳಿದ್ದೆ. ಗೌಡರು ಒಂದೇ ಮಾತಿನಲ್ಲಿ ಮುಗಿಸಿದರು: "ಒಂದು ಗಿಡದ ಫಸಲು ನೋಡಿ ಗೊಬ್ಬರ ಒಳ್ಳೇದೋ ಕೆಟ್ಟದೋ ಹೇಳೋಕಾಗುತ್ತೇನೋ? ಒಂದು ಎಕರೆ ಕೊಯ್ದು ನೋಡ್ಬೇಕು."

ಮಾಡೆಲ್‌ಗಳನ್ನು ನಂಬುವ ವಿಷಯದಲ್ಲಿ ಒಂದು ಎಚ್ಚರಿಕೆಯನ್ನೂ ವರದಿಯಲ್ಲಿ ಸೇರಿಸಿದೆವು. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿಯ 2007ರ ವರದಿಗೆ ಬಳಸಿದ ಮಾಡೆಲ್‌ಗಳಲ್ಲಿ ಅರ್ಧದಷ್ಟರಲ್ಲಿ ಓಝೋನ್ ಇಳಿದು ಚೇತರಿಸಿಕೊಳ್ಳುವುದೇ ಇರಲಿಲ್ಲ, ಮೊದಲಿಂದ ಕೊನೆವರೆಗೆ ಅದೇ ಮಟ್ಟ. ಅಂಥ ಮಾಡೆಲ್ ದಕ್ಷಿಣದ ಬೇಸಿಗೆ ಗಾಳಿ ಮುಂದೆ ಯಾವ ಕಡೆ ಸರಿಯುತ್ತದೆ ಎಂದು ಹೇಳಿದರೆ ಕೇಳಿ ಪ್ರಯೋಜನವಿಲ್ಲ. ಓಝೋನ್ ರಸಾಯನವನ್ನೇ ಒಳಗೆ ಲೆಕ್ಕ ಹಾಕುವ ಮಾಡೆಲ್‌ಗಳನ್ನು 2008ರಲ್ಲಿ ಪಕ್ಕಕ್ಕಿಟ್ಟು ಹೋಲಿಸಿದಾಗ ಎರಡರ ಭವಿಷ್ಯ ಬೇರೆ ಬೇರೆ ದಿಕ್ಕಿಗೆ ಹೋಯಿತು. ನಮ್ಮ ಕಡೆಯ ಎಚ್ಚರಿಕೆ ಇನ್ನೂ ಸರಳ. ನೂರು ಕಿಲೋಮೀಟರ್ ಚೌಕದೊಳಗೆ ಮೂಡಿಗೆರೆ, ಸಕಲೇಶಪುರ, ಬೆಳ್ತಂಗಡಿ ಮೂರೂ ಬಿದ್ದು ಒಂದೇ ಸಮತಟ್ಟು ನೆಲ ಆಗಿಬಿಡುತ್ತವೆ. ಆ ಮಾಡೆಲಿನಲ್ಲಿ ಚಾರ್ಮಾಡಿ ಘಾಟಿಯೇ ಇಲ್ಲ. ಘಾಟಿ ಇಲ್ಲದ ಕಡೆ ಗೌಡರ ತೋಟದ ಮಳೆಯನ್ನು ಹುಡುಕುವುದು ಹೇಗೆ? ಹಾಗಾಗಿ ಮಳೆಯನ್ನು ಬಿಟ್ಟು, ಮಳೆ ಹೊತ್ತು ತರುವ ಗಾಳಿಯನ್ನೇ ಹಿಡಿದೆವು.

ಮುಂಗಾರಿನ ಗಾಳಿ ದಕ್ಷಿಣ ಗೋಳದಿಂದಲೇ ಹೊರಡುವುದು, ಗೌಡರು ಹೇಳಿದ್ದು ಸರಿ. ಮಾರಿಷಸ್, ರಿಯೂನಿಯನ್‌ಗಳ ಆಚೆ ದಕ್ಷಿಣದ 30 ಡಿಗ್ರಿ ಸುತ್ತ ಮಸ್ಕರೇನ್ ಅಧಿಕ ಒತ್ತಡ ಎಂಬ ಗಾಳಿಯ ಗುಡ್ಡೆ ಇದೆ. ಅಲ್ಲಿಂದ ಹೊರಟ ಗಾಳಿ ಪೂರ್ವ ಆಫ್ರಿಕಾದ ಬೆಟ್ಟಗಳಿಗೆ ತಗುಲಿ, ಸಮಭಾಜಕ ದಾಟಿ, ಸೊಮಾಲಿಯಾ ತೀರದಲ್ಲಿ ಬಿರುಸು ಹಿಡಿದು ಅರಬ್ಬೀ ಸಮುದ್ರದ ಮೇಲೆ ನಮ್ಮ ಘಟ್ಟಕ್ಕೆ ಬಂದು ಬಡಿಯುತ್ತದೆ. 1960ರ ದಶಕದಲ್ಲಿ ಗಾಳಿಯ ಈ ದಾರಿಯನ್ನು ಬಿಡಿಸಿ ತೋರಿಸಿದವರು ಫಿಂಡ್ಲೇಟರ್ ಎಂಬ ಹವಾಮಾನ ತಜ್ಞ. ಹಾಗಾದರೆ ಪಶ್ಚಿಮ ಗಾಳಿಯ ಪಟ್ಟಿ ಸರಿದರೆ ಪಕ್ಕದ ಮಸ್ಕರೇನ್ ಗುಡ್ಡೆಯೂ ಸರಿಯಬೇಕಲ್ಲ?

ಸರಿಯಬಹುದು, ಆದರೆ ಯಾವಾಗ? ತೂತು ಬೀಳುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಅದರ ಕೈ ನೆಲಕ್ಕೆ ಮುಟ್ಟುವುದು ಡಿಸೆಂಬರಿನಿಂದ ಫೆಬ್ರವರಿ. ಮುಂಗಾರು ಗಾಳಿ ಓಡುವುದು ಜೂನಿನಿಂದ ಸೆಪ್ಟೆಂಬರ್. ನಡುವೆ ಮೂರು ನಾಲ್ಕು ತಿಂಗಳ ಕಂದಕ; ಗಾಳಿಗೆ ಅಷ್ಟು ದಿನದ ನೆನಪು ಇರುವುದಿಲ್ಲ. ಹುಡುಗ ಜೂನ್–ಆಗಸ್ಟ್ ತಿಂಗಳುಗಳನ್ನೂ ಬಿಡಿಸಿದ. ಬೇಸಿಗೆಯಲ್ಲಿ ಎದ್ದು ಕಾಣುತ್ತಿದ್ದ ಪಟ್ಟಿ ಅಲ್ಲಿ ಮಸುಕಾಗಿತ್ತು, ಅರಬ್ಬೀ ಸಮುದ್ರದ ಮೇಲೆ ಓಟದಿಂದ ಓಟಕ್ಕೆ ಹೆಚ್ಚು–ಕಡಿಮೆಯ ಚಿಹ್ನೆಯೇ ಬದಲಾಗುತ್ತಿತ್ತು. ಓಝೋನಿನದು ಎಂದು ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. ಹಟಕ್ಕೆ ಬಿದ್ದು ಅವನು ಪ್ರತಿ ವರ್ಷದ ತೂತಿನ ವಿಸ್ತಾರವನ್ನು ಅಜ್ಜನ ಇಂಚುಗಳ ಎದುರು ಇಟ್ಟು ಚುಕ್ಕಿ ಹಾಕಿದ. ಚುಕ್ಕಿಗಳು ಗಾಳಿಗೆ ಚೆಲ್ಲಿದ ಮೆಣಸಿನ ಕಾಳಿನ ಹಾಗೆ ಕಂಡಕಂಡಲ್ಲಿ ಬಿದ್ದವು.

2019ರ ಸಾಕ್ಷಿಯೂ ನಿಲ್ಲಲಿಲ್ಲ. ಆ ವರ್ಷ ಅಂಟಾರ್ಕ್ಟಿಕಾದ ಮೇಲೆ ಏನೂ ಆಗಿರಲಿಲ್ಲ ಅಂತಲ್ಲ, ದೊಡ್ಡದೇ ಆಗಿತ್ತು. ಮೇಲಿನ ಗಾಳಿ ದಿಢೀರನೆ ಕಾದು, ಗಾಣ ಸಡಿಲಾಗಿ, ಓಝೋನ್ ತೂತು 1980ರ ದಶಕದ ಆರಂಭದಿಂದೀಚೆಗೆ ಅತಿ ಸಣ್ಣದಾಗಿತ್ತು. ಆದರೆ ಆ ಬಿಸಿಯೇರಿಕೆ ಶುರುವಾದದ್ದೇ ಆಗಸ್ಟ್ ಕೊನೆಯಲ್ಲಿ. ಅಜ್ಜನ ಪುಸ್ತಕದ ಪ್ರಕಾರ ಗುಡ್ಡ ಜರಿದದ್ದು ಆಗಸ್ಟ್ 8, 9ನೇ ತಾರೀಖು. ಕಾರಣಕ್ಕಿಂತ ಮೊದಲೇ ಪರಿಣಾಮ ಬರುವುದಿಲ್ಲ, ಅದೂ ತೂತು ಕುಗ್ಗಿದ ವರ್ಷದಲ್ಲಿ. ಆ ವರ್ಷ ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವಕ್ಕಿಂತ ವಿಪರೀತ ಬೆಚ್ಚಗಿತ್ತು. ಮುಂಗಾರಿನ ಉತ್ತರಾರ್ಧ ಹೆಚ್ಚಿದ್ದಕ್ಕೆ ಕಾರಣ ಹುಡುಕುವವರು ಮೊದಲು ನೋಡಬೇಕಾದ್ದು ಅಲ್ಲಿ. 2023ರ ಆಗಸ್ಟ್ ಇಡೀ ದೇಶಕ್ಕೆ 1901ರಿಂದೀಚೆಗೆ ಅತಿ ಒಣ ಆಗಸ್ಟ್ ಆದದ್ದಕ್ಕೆ ಎಲ್ ನಿನೋ ಹೇಗೋ ಹಾಗೆ.

ಇದೇ ಏಳು ಪುಸ್ತಕ ಉರುಗ್ವೆಯ ಯಾವುದೋ ದನದ ಬಯಲಿನಲ್ಲಿ ಬರೆದಿದ್ದರೆ ಅಜ್ಜನ ವಾದಕ್ಕೆ ತೂಕ ಬರುತ್ತಿತ್ತು. ದಕ್ಷಿಣ ಗೋಳದಲ್ಲಿ ಆ ಅಕ್ಷಾಂಶಗಳ ಬೇಸಿಗೆ ಮಳೆ ಹೆಚ್ಚಿದ್ದರಲ್ಲಿ ಓಝೋನ್ ಹಾನಿಗೆ ಪಾಲಿದೆ ಎಂದು 2011ರಿಂದೀಚಿನ ಮಾಡೆಲ್ ಅಧ್ಯಯನಗಳು ತೋರಿಸಿವೆ.

ಪ್ರಾಜೆಕ್ಟ್ ಒಪ್ಪಿಸಿದ ಮೇಲೆ ಪ್ರತಿ ಕೊಡಲು ಮತ್ತೆ ತೋಟಕ್ಕೆ ಹೋದೆವು. ಗೌಡರು ಎಲ್ಲ ಕೇಳಿಸಿಕೊಂಡು, ತಮ್ಮ ಮಾತು ಬಿದ್ದಿತು ಅನ್ನುವುದಕ್ಕೆ ಬೇಸರ ಮಾಡಿಕೊಳ್ಳದೆ, ತೂತು ಮುಚ್ಚಿದ ಮೇಲೆ ಆ ಗಾಳಿ ವಾಪಸ್ ಬರುತ್ತಾ ಎಂದರು. ಬರಬೇಕು. ಓಝೋನ್ ಕೆಡಿಸುವ ಅನಿಲಗಳಿಗೆ ಕಡಿವಾಣ ಹಾಕಿದ 1987ರ ಮಾಂಟ್ರಿಯಲ್ ಒಪ್ಪಂದದಿಂದ ಕ್ಲೋರೀನ್ ಇಳಿಯತೊಡಗಿ, 2000ದ ಸುಮಾರಿಗೆ ಗಾಳಿ ಧ್ರುವದ ಕಡೆ ಸರಿಯುವುದು ನಿಂತಿದೆ ಎಂದು 2020ರಲ್ಲಿ ತೋರಿಸಿದ್ದಾರೆ. ಅಂಟಾರ್ಕ್ಟಿಕಾದ ಓಝೋನ್ 1980ರ ಮಟ್ಟಕ್ಕೆ ಮರಳುವುದು 2066ರ ಹೊತ್ತಿಗೆ ಎಂಬ ಅಂದಾಜಿದೆ. ಆದರೆ ಹಸಿರುಮನೆ ಅನಿಲಗಳು ಅದೇ ಗಾಳಿಯನ್ನು ಧ್ರುವದ ಕಡೆಗೇ ಎಳೆಯುತ್ತಿವೆ. ಬೇಸಿಗೆಯಲ್ಲಿ ಇದು ಹಗ್ಗಜಗ್ಗಾಟ. ಯಾರು ಎಷ್ಟು ಎಳೆಯುತ್ತಾರೆ ಎನ್ನುವುದು ಮುಂದಿನ ನಲವತ್ತು ವರ್ಷ ನಾವು ಎಷ್ಟು ಹೊಗೆ ಬಿಡುತ್ತೇವೆ ಎಂಬುದರ ಮೇಲಿದೆ.

"ಅಷ್ಟು ದಿನ ಯಾಕೆ ಮಾರಾಯ್ರೇ?"

ಸ್ಟೋರಿನ ಮೂಲೆಯಲ್ಲಿ ಹಳೇ ಫ್ರಿಜ್ ಇತ್ತು. 1982ರಲ್ಲಿ ತಂದದ್ದು, ಗ್ಯಾಸ್ ಸೋರಿ ಹೋಗಿ ಮೂವತ್ತು ವರ್ಷ ಆಗಿದೆ. ಈಗ ಒಳಗೆ ಮೈಲುತುತ್ತ ಇಡುತ್ತಾರೆ. ಆ ಕಾಲದ ಫ್ರಿಜ್ಜಿನ ಗ್ಯಾಸಿನ ಆಯುಸ್ಸು ನೂರು ವರ್ಷದ ಲೆಕ್ಕ. ಹುಡುಗ ಮೊಬೈಲಿನಲ್ಲೇ ಲೆಕ್ಕ ಹಾಕಿ, ಇದರಿಂದ ಹೋದದ್ದರಲ್ಲಿ ಮುಕ್ಕಾಲು ಪಾಲು ಇನ್ನೂ ವಾತಾವರಣದಲ್ಲೇ ಇದೆ ಅಜ್ಜಾ ಅಂದ. ಗೌಡರು ಫ್ರಿಜ್ಜನ್ನೊಮ್ಮೆ, ಅವನನ್ನೊಮ್ಮೆ ನೋಡಿ ಜಗಲಿಗೆ ಬಂದು ಪುಸ್ತಕ ತೆರೆದರು. ನಾನು ಹೊರಡುವಾಗ ಬಗ್ಗಿ ನೋಡಿದೆ. ಇಂಚಿನ ಮನೆಯಲ್ಲಿ ಅಡ್ಡಗೀಟು. ಷರಾದಲ್ಲಿ: 'ಮೋಡ. ಮೇಷ್ಟ್ರು ಬಂದಿದ್ದರು. ಫ್ರಿಜ್ ಗ್ಯಾಸ್ ಮುಕ್ಕಾಲು ಬಾಕಿ.'